ಪೆನ್‌ಡ್ರೈವ್ ತುಂಬ ಶಾರ್ಟ್‌ಕಟ್

ಪ್ರಶ್ನೆ: ಧಾರವಾಡದ ಜೆರಾಕ್ಸ್ ಅಂಗಡಿಯೊಂದರಲ್ಲಿ ಪ್ರಾಜೆಕ್ಟ್ ವರದಿ ಪ್ರಿಂಟ್ ಹಾಕಿಸಿದೆ. ಮನೆಗೆ ಬಂದು ನೋಡಿದರೆ ಪೆನ್‌ಡ್ರೈವ್‌ನಲ್ಲಿ ಬರೀ ಒಂದು ಶಾರ್ಟ್‌ಕಟ್. ಫೈಲುಗಳು ಅಳಿಸಿಹೋದವೇ?
– ವಿದ್ಯಾರ್ಥಿನಿ, ಗದಗ

ಉತ್ತರ: ಗಾಬರಿ ಬೇಡ, ಬಹುತೇಕ ಅಲ್ಲೇ ಇವೆ. ಪೆನ್‌ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಜಾಗ ಮೊದಲಿನಷ್ಟೇ ತುಂಬಿದ್ದರೆ ವೈರಸ್ ಫೈಲುಗಳನ್ನು ಬಚ್ಚಿಟ್ಟಿದೆ ಎಂದರ್ಥ. ಆ ಶಾರ್ಟ್‌ಕಟ್ ಮಾತ್ರ ಒತ್ತಲೇಬೇಡಿ. ಒತ್ತಿದರೆ ಫೋಲ್ಡರ್ ತೆರೆಯುತ್ತದೆ, ಬೆನ್ನಿಗೇ ವೈರಸ್ಸೂ ನಿಮ್ಮ ಕಂಪ್ಯೂಟರಿಗೆ ಇಳಿಯುತ್ತದೆ.

ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್‌ನ ಮೂರು ಚುಕ್ಕೆ ಒತ್ತಿ, ಆಪ್ಶನ್ಸ್‌ನ ವ್ಯೂ ಪುಟಕ್ಕೆ ಹೋಗಿ. ಹಿಡನ್ ಫೈಲ್ಸ್ ತೋರಿಸುವ ಆಯ್ಕೆ ಹಾಕಿ. ಅಷ್ಟೇ ಸಾಲದು; 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಎದುರಿನ ಟಿಕ್ಕನ್ನೂ ತೆಗೆಯಿರಿ. ಬಹಳ ಜನ ಎಡವುವುದು ಇಲ್ಲೇ. ಈಗ ಮಸುಕು ಬಣ್ಣದ, ಹಲವು ಸಲ ಹೆಸರೇ ಇಲ್ಲದ ಫೋಲ್ಡರ್ ಕಾಣುತ್ತದೆ. ಅದರೊಳಗಿನ ವರದಿ, ಫೋಟೊಗಳನ್ನಷ್ಟೇ ಕಂಪ್ಯೂಟರಿಗೆ ಕಾಪಿ ಮಾಡಿ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ.

ಈಗಾಗಲೇ ಶಾರ್ಟ್‌ಕಟ್ ಒತ್ತಿದ್ದರೆ ಫಾರ್ಮ್ಯಾಟಿಗೆ ಮೊದಲು ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಶನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಓಡಿಸಿ. ಸುಮಾರು 15 ನಿಮಿಷ ಹಿಡಿಯುತ್ತದೆ. ಇಲ್ಲದಿದ್ದರೆ ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಮತ್ತೆ ಅದೇ ಕಥೆ. ಕೊನೆಗೆ ತೆಗೆದ ಟಿಕ್ ಮರಳಿ ಹಾಕಿ.

ಪ್ರಶ್ನೆ: ಪ್ರಿಂಟ್ ಅಂಗಡಿಯಲ್ಲಿ ವಾಟ್ಸ್ಆ್ಯಪ್ ವೆಬ್ ತೆರೆದು ಹಾಗೇ ಬಂದೆ.
– ಓದುಗರು, ಹಾವೇರಿ

ಉತ್ತರ: ಅಂಗಡಿಗೆ ಮರಳಿ ಹೋಗಬೇಕಿಲ್ಲ. ಫೋನಿನ ವಾಟ್ಸ್ಆ್ಯಪ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು, ಆ ಕಂಪ್ಯೂಟರಿನ ಸಾಲು ಮುಟ್ಟಿ ಲಾಗ್ ಔಟ್ ಮಾಡಿ. ಈಗಲೇ ಮಾಡಿ, ಅಲ್ಲಿಯವರೆಗೆ ನಿಮ್ಮ ಸಂದೇಶಗಳು ಅಲ್ಲಿ ತೆರೆದೇ ಇರುತ್ತವೆ.