ಓದುಗರ ಪ್ರಶ್ನೆಗೆ ಉತ್ತರ: ಗ್ರೀಕ್ ಕಾವ್ಯ, ನಾಟಕ, ಚರಿತ್ರೆಗಳನ್ನು ಓದುವ ಬಗೆ

ಪ್ರಶ್ನೆ: ಬ್ಯಾಂಕ್ ನೌಕರಿಯಿಂದ ನಿವೃತ್ತನಾದ ಮೇಲೆ ಗ್ರೀಕ್ ಮತ್ತು ರೋಮನ್ ಪುರಾಣಗಳನ್ನು ಕ್ರಮವಾಗಿ ಓದಬೇಕೆಂಬ ಆಸೆ ಹುಟ್ಟಿದೆ. ಇಂಗ್ಲಿಷಿನ ಕೆಲವು ಕಥಾಸಂಗ್ರಹಗಳನ್ನು ಓದಿದೆ. ದೇವತೆಗಳ ಹೆಸರು, ವಂಶಾವಳಿಗಳ ನಡುವೆ ತಲೆ ಕೆಟ್ಟಿತೇ ಹೊರತು ಮನಸ್ಸಿನಲ್ಲಿ ಏನೂ ನಿಲ್ಲಲಿಲ್ಲ. ಒಂದು ಪುಸ್ತಕದ ಕಥೆ ಇನ್ನೊಂದರಲ್ಲಿ ಬೇರೆಯೇ ಆಗಿದೆ. ಪುರಾಣ, ಮಹಾಕಾವ್ಯ, ದುರಂತನಾಟಕ, ಚರಿತ್ರೆ, ಇವುಗಳಲ್ಲಿ ಯಾವುದನ್ನು ಮೊದಲು ಓದಬೇಕು? ಗ್ರೀಕ್ ಭಾಷೆ ಕಲಿಯದೆ ಓದುವುದರಿಂದ ಪ್ರಯೋಜನವಿದೆಯೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಸಂಗ್ರಹ ಪುಸ್ತಕಗಳನ್ನು ಸದ್ಯಕ್ಕೆ ಕಪಾಟಿನಲ್ಲಿಯೇ ಇಡಿ. ತಮ್ಮ ಗೊಂದಲಕ್ಕೆ ಅವೇ ಕಾರಣ. ಎಲ್ಲರೂ ಒಪ್ಪಲೇಬೇಕಾದ ಒಂದು ಧರ್ಮಗ್ರಂಥ ಗ್ರೀಕರಿಗೆ ಇರಲಿಲ್ಲ. ಕವಿಗಳು ಹಾಡಿದ್ದೇ ಪುರಾಣವಾಯಿತು, ಪ್ರತಿಯೊಬ್ಬ ಕವಿಯೂ ತನಗೆ ಹಿಂದಿನವರಿಂದ ಬಂದದ್ದನ್ನು ತನ್ನ ಕೃತಿಯ ಅಗತ್ಯಕ್ಕೆ ತಕ್ಕಂತೆ ತಿದ್ದಿಕೊಂಡನು. ಸಂಗ್ರಹಕಾರರು ಈ ಶತಮಾನಗಳ ಅಂತರವನ್ನು ಅಳಿಸಿ ಎಲ್ಲವನ್ನೂ ಒಂದೇ ಕಥೆಯಾಗಿ ಹೊಲಿದುಬಿಡುತ್ತಾರೆ. ಗ್ರೀಕ್ ವೀರ ಅಕಿಲೀಸನ ಮೈಯಲ್ಲಿ ಹಿಮ್ಮಡಿಯೊಂದಕ್ಕೇ ಗಾಯವಾಗಬಲ್ಲದೆಂಬ ಕಥೆಯನ್ನೇ ನೋಡಿ. ಟ್ರಾಯ್ ಯುದ್ಧವನ್ನು ಕುರಿತ ಹೋಮರನ ಮಹಾಕಾವ್ಯ ‘ಇಲಿಯಡ್’ ಅನ್ನು ಇಡಿಯಾಗಿ ಹುಡುಕಿದರೂ ಅದು ಸಿಗುವುದಿಲ್ಲ. ತಾಯಿ ಅವನನ್ನು ಸ್ಟಿಕ್ಸ್ ನದಿಯಲ್ಲಿ ಅದ್ದಿದಳೆಂಬ ಮಾತು ಈಗ ಉಳಿದಿರುವ ಕೃತಿಗಳ ಪೈಕಿ ಮೊದಲು ಬರುವುದು ಕ್ರಿ.ಶ. ಒಂದನೆಯ ಶತಮಾನದ ರೋಮನ್ ಕವಿ ಸ್ಟೇಷಿಯಸ್‌ನಲ್ಲಿ, ಅಂದರೆ ಹೋಮರನಿಗಿಂತ ಹೆಚ್ಚುಕಡಿಮೆ ಎಂಟು ನೂರು ವರ್ಷಗಳ ಅನಂತರ. ಗ್ರೀಕರು ಒಳಗೆ ಅಡಗಿ ಟ್ರಾಯ್ ನಗರವನ್ನು ಹೊಕ್ಕ ಮರದ ಕುದುರೆಯೂ ‘ಇಲಿಯಡ್’ನಲ್ಲಿಲ್ಲ. ಹೋಮರನದೇ ‘ಒಡಿಸ್ಸಿ’ಯಲ್ಲಿ ಅದು ಪ್ರಸಂಗವಶಾತ್ ಬಂದುಹೋಗುತ್ತದೆ, ಅದರ ವಿಸ್ತಾರವಾದ ವರ್ಣನೆಯನ್ನು ರೋಮನ್ ಕವಿ ವರ್ಜಿಲನ ‘ಈನಿಯಡ್’ನ ಎರಡನೆಯ ಸರ್ಗದಲ್ಲಿ ಓದಬೇಕು.

ಇದು ಕನ್ನಡದ ಓದುಗರಿಗೆ ಹೊಸ ಸಂಗತಿಯೇನಲ್ಲ. ಪಂಪನಲ್ಲಿ ದ್ರೌಪದಿ ಅರ್ಜುನನೊಬ್ಬನಿಗೇ ಪತ್ನಿ, ಕುಮಾರವ್ಯಾಸನಲ್ಲಿ ಐವರಿಗೆ. ಯಾವುದು ಸರಿಯೆಂದು ನಾವು ಜಗಳಕ್ಕೆ ಕೂರುವುದಿಲ್ಲ. ಅರಿಕೇಸರಿಯ ಆಸ್ಥಾನದಲ್ಲಿದ್ದ ಪಂಪನಿಗೆ ಹಾಗೇಕೆ ಬೇಕಾಯಿತೆಂದು ವಿಚಾರಿಸುತ್ತೇವೆ. ಗ್ರೀಕ್ ಕಥೆಗಳ ಮುಂದೆಯೂ ಇದೇ ಪ್ರಶ್ನೆಯನ್ನಿಡಿ: ಇದನ್ನು ಹೇಳಿದವರು ಯಾರು, ಯಾವ ಕಾಲದಲ್ಲಿ, ಯಾರೆದುರಿಗೆ? ಆಗ ಪುರಾಣ ಮೊದಲೋ ಚರಿತ್ರೆ ಮೊದಲೋ ಎಂಬ ತಮ್ಮ ಪ್ರಶ್ನೆ ತಾನಾಗಿಯೇ ಹಿಂದೆ ಸರಿಯುತ್ತದೆ. ನನ್ನ ಸಲಹೆಯೆಂದರೆ, ವಿಷಯಗಳನ್ನು ಹೀಗೆ ವಿಂಗಡಿಸುವ ಬದಲು ಒಂದು ಪಾತ್ರವನ್ನು ಹಿಡಿದು ಕೃತಿಯಿಂದ ಕೃತಿಗೆ ನಡೆಯಿರಿ. ಟ್ರಾಯ್‌ನ ರಾಜಕುಮಾರ ಹೆಕ್ಟರನ ಮಡದಿ ಆಂಡ್ರೊಮಕಿಯನ್ನು ಹಿಡಿದರೆ ಮಹಾಕಾವ್ಯ, ನಾಟಕ, ಚರಿತ್ರೆ, ರೋಮ್ ಎಲ್ಲವೂ ದಾರಿಯಲ್ಲಿಯೇ ಸಿಗುತ್ತವೆ.

‘ಇಲಿಯಡ್’ನ ಆರನೆಯ ಸರ್ಗದಲ್ಲಿ ಹೆಕ್ಟರ್ ಯುದ್ಧದ ನಡುವೆ ಊರೊಳಗೆ ಬಂದು, ಕೋಟೆಯ ಬಾಗಿಲಿನ ಬಳಿ ಹೆಂಡತಿಯನ್ನೂ ದಾದಿಯ ತೋಳಿನಲ್ಲಿದ್ದ ಕೂಸನ್ನೂ ಕಾಣುತ್ತಾನೆ. ಮಗುವಿನತ್ತ ಕೈಚಾಚಿದರೆ ಅದು ತಂದೆಯ ಶಿರಸ್ತ್ರಾಣದ ಮೇಲೆ ಅಲುಗುವ ಕುದುರೆಗೂದಲಿನ ತುರಾಯಿಯನ್ನು ಕಂಡು ಬೆದರಿ ಚೀರಿ ದಾದಿಯ ಎದೆಗೆ ಅವಚಿಕೊಳ್ಳುತ್ತದೆ. ತಂದೆತಾಯಿಗಳಿಬ್ಬರೂ ನಗುತ್ತಾರೆ, ಹೆಕ್ಟರ್ ಶಿರಸ್ತ್ರಾಣವನ್ನು ತೆಗೆದು ನೆಲದ ಮೇಲಿಟ್ಟು, ಮಗನನ್ನೆತ್ತಿ ಮುದ್ದಿಟ್ಟು, ಇವನು ಅಪ್ಪನಿಗಿಂತ ಮಿಗಿಲಾದ ವೀರನೆನ್ನಿಸಿಕೊಳ್ಳಲೆಂದು ದೇವತೆಗಳನ್ನು ಬೇಡುತ್ತಾನೆ. ಆ ಕೂಸಿನ ಹೆಸರು ಅಸ್ಟಿಯನಾಕ್ಸ್. ಕಾವ್ಯ ಮುಗಿಯುವ ಇಪ್ಪತ್ತನಾಲ್ಕನೆಯ ಸರ್ಗದಲ್ಲಿ, ಹೆಕ್ಟರನ ಶವದ ಮುಂದೆ ಅಳುತ್ತಾ ಆಂಡ್ರೊಮಕಿ, ಗ್ರೀಕರಲ್ಲಿ ಯಾವನಾದರೂ ಈ ಮಗುವನ್ನು ಕೋಟೆಯ ಮೇಲಿಂದ ಎಸೆದಾನೆಂಬ ಭಯವನ್ನು ಹೇಳಿಕೊಳ್ಳುತ್ತಾಳೆ. ಹೋಮರ್ ಅಷ್ಟಕ್ಕೇ ನಿಲ್ಲಿಸುತ್ತಾನೆ. ಮುಂದಿನದನ್ನು ಹೇಳಿದವನು ನಾಟಕಕಾರ ಯೂರಿಪಿಡೀಸ್. ಕ್ರಿ.ಪೂ. 415ರಲ್ಲಿ ಅಥೆನ್ಸ್‌ನಲ್ಲಿ ಆಡಿದ ‘ಟ್ರಾಯ್‌ನ ಸ್ತ್ರೀಯರು’ ನಾಟಕದಲ್ಲಿ ಗ್ರೀಕರು ಮಗುವನ್ನು ಕೋಟೆಯಿಂದ ಎಸೆಯುತ್ತಾರೆ. ತಾಯಿಯನ್ನು ಆಗಲೇ ಅಕಿಲೀಸನ ಮಗನ ದಾಸಿಯಾಗಿ ಹಡಗು ಹತ್ತಿಸಿರುವುದರಿಂದ, ತಂದೆಯ ಗುರಾಣಿಯ ಮೇಲೆ ಬಂದ ಆ ಪುಟ್ಟ ಶವಕ್ಕೆ ಅಜ್ಜಿ ಹೆಕ್ಯುಬಾ ಬಟ್ಟೆ ಹೊದಿಸುತ್ತಾಳೆ.

ಇಲ್ಲಿ ಪುಸ್ತಕವನ್ನು ಮಡಚಿಟ್ಟು ಅಥೆನ್ಸ್‌ನ ಚರಿತ್ರೆಕಾರ ಥುಸಿಡೈಡಿಸ್‌ನ ಚರಿತ್ರೆಯ ಐದನೆಯ ಭಾಗದ ಕೊನೆಯನ್ನು ತೆರೆಯಿರಿ. ನಾಟಕಕ್ಕೆ ಮುಂಚಿನ ಚಳಿಗಾಲದಲ್ಲಿ ಅಥೆನ್ಸ್‌ನ ಸೇನೆ ಮೆಲೋಸ್ ಎಂಬ ಸಣ್ಣ ದ್ವೀಪವನ್ನು ಗೆದ್ದು, ಸೆರೆಸಿಕ್ಕ ವಯಸ್ಕ ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾರಿದ ಸಂಗತಿ ಅಲ್ಲಿದೆ. ನಾಟಕದಲ್ಲಿ ಮೆಲೋಸ್‌ನ ಹೆಸರು ಎಲ್ಲಿಯೂ ಬರುವುದಿಲ್ಲ, ಕವಿಯ ಉದ್ದೇಶದ ಬಗ್ಗೆ ವಿದ್ವಾಂಸರಲ್ಲಿ ವಾದವೂ ಇದೆ. ಆದರೆ ಆ ವಸಂತದಲ್ಲಿ ರಂಗದ ಮುಂದೆ ಕುಳಿತವರಲ್ಲಿ ಮೆಲೋಸ್‌ನಿಂದ ಮರಳಿದ ಸೈನಿಕರೂ ಇದ್ದಿರಬೇಕೆಂಬುದನ್ನು ಮರೆತು ಅದನ್ನು ಓದಲು ನನಗಂತೂ ಸಾಧ್ಯವಾಗಿಲ್ಲ. ಕೊನೆಯದಾಗಿ ವರ್ಜಿಲನ ಮೂರನೆಯ ಸರ್ಗಕ್ಕೆ ಬನ್ನಿ. ದಾಸ್ಯದಿಂದ ಪಾರಾದ ಆಂಡ್ರೊಮಕಿ ಪರದೇಶದಲ್ಲಿ ಒಂದು ಪುಟ್ಟ ಟ್ರಾಯ್ ಕಟ್ಟಿಕೊಂಡು, ಬರಿದಾದ ಸಮಾಧಿಯೊಂದನ್ನು ಹೆಕ್ಟರನದೆಂದು ಪೂಜಿಸುತ್ತಿದ್ದಾಳೆ. ಟ್ರಾಯ್‌ನಿಂದ ಪಾರಾಗಿ ಅಲ್ಲಿಗೆ ಬಂದ ಈನಿಯಸ್‌ನ ಮಗನಿಗೆ ತಾನು ನೇಯ್ದ ಉತ್ತರೀಯವನ್ನು ಕೊಡುತ್ತಾ, ನನ್ನ ಮಗನಿದ್ದಿದ್ದರೆ ಈಗ ನಿನ್ನ ವಯಸ್ಸಿನವನೇ ಆಗಿರುತ್ತಿದ್ದನು ಎನ್ನುತ್ತಾಳೆ.

ಇನ್ನು ವ್ಯವಹಾರದ ಮಾತು. ‘ಇಲಿಯಡ್’ ಸುಮಾರು 15,700 ಸಾಲುಗಳ ಕಾವ್ಯ. ಮೊದಲ ಓದಿಗೆ 1, 6, 9, 16, 18, 22 ಮತ್ತು 24ನೆಯ ಸರ್ಗಗಳು ಸಾಕು. ಎರಡನೆಯ ಸರ್ಗದ ಹಡಗುಗಳ ಪಟ್ಟಿಯನ್ನು ಹಾರಿಸಿದರೆ ಪಾಪವೇನಿಲ್ಲ. ಗ್ರೀಕರನ್ನು ಅಕೀಯರು, ಆರ್ಗೈವರು, ದನಾಯರು ಎಂದು ಮೂರು ಹೆಸರಿನಿಂದ ಕರೆದರೂ, ಅಕಿಲೀಸನನ್ನು ಪೀಲಿಯಸ್‌ನ ಮಗನೆಂದರೂ, ಪಾರ್ಥ, ಕೌಂತೇಯ, ಫಲ್ಗುಣ ಎಲ್ಲ ಒಬ್ಬನೇ ಎಂದು ಬಲ್ಲ ತಮಗೆ ಅದು ಕಷ್ಟವಾಗಬಾರದು. ಗ್ರೀಕ್ ಭಾಷೆ ಕಲಿಯಲೇಬೇಕೆಂದಿಲ್ಲ, ಆದರೆ ಒಂದೇ ಅನುವಾದವನ್ನು ನಂಬಬೇಡಿ. ಮುಖ್ಯ ಸನ್ನಿವೇಶಗಳನ್ನು ಎರಡು ಅನುವಾದಗಳಲ್ಲಿ ಹೋಲಿಸಿ ನೋಡಿ. 1911ರಲ್ಲಿ ಆರಂಭವಾದ ಲೋಬ್ ಮಾಲೆಯಲ್ಲಿ ಎಡಪುಟದಲ್ಲಿ ಮೂಲ, ಬಲಪುಟದಲ್ಲಿ ಇಂಗ್ಲಿಷ್ ಇರುತ್ತದೆ. ಗ್ರೀಕಿಗೆ ಹಸಿರು ರಟ್ಟು, ಲ್ಯಾಟಿನ್ನಿಗೆ ಕೆಂಪು. ಹಳೆಯ ಅನುವಾದಗಳು ಅಂತರಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಮುಂಬಯಿಯ ಫೋರ್ಟಿನ ಕಡೆಗೆ ಹೋದಾಗ ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯದಲ್ಲಿಯೂ ವಿಚಾರಿಸಿ. ಅದಿರುವ 1833ರ ಟೌನ್‌ಹಾಲಿನ ಮುಂಭಾಗದ ಕಂಬಗಳು ಗ್ರೀಕ್ ದೇವಾಲಯಗಳ ಡೋರಿಕ್ ಶೈಲಿಯವು, ಮೆಟ್ಟಿಲು ಹತ್ತುವಾಗ ನಿಂತು ನೋಡತಕ್ಕವು.

ಪ್ರಶ್ನೆ: ನಮ್ಮ ಹವ್ಯಾಸಿ ತಂಡ ಕನ್ನಡದಲ್ಲಿ ಒಂದು ಗ್ರೀಕ್ ದುರಂತನಾಟಕವನ್ನು ಆಡಬೇಕೆಂದಿದೆ. ಮೇಳದ (ಕೋರಸ್) ಹಾಡುಗಳು ನಾಟಕವನ್ನು ಎಳೆಯುತ್ತವೆಂದು ಕೆಲವರು ಅದನ್ನು ಕತ್ತರಿಸಲು ಹೇಳುತ್ತಿದ್ದಾರೆ. ಸಾವುಗಳೆಲ್ಲ ತೆರೆಯ ಹಿಂದೆ ನಡೆಯುವುದರಿಂದ ಪ್ರೇಕ್ಷಕರಿಗೆ ಸಪ್ಪೆಯೆನಿಸುವುದಿಲ್ಲವೇ?
– ನಾಟಕ ತಂಡದ ಯುವಕರು, ಪುಣೆ

ಉತ್ತರ: ಮೇಳವನ್ನು ಕತ್ತರಿಸುವುದಾದರೆ ಬೇರೆ ನಾಟಕ ಹುಡುಕಿಕೊಳ್ಳುವುದು ಒಳ್ಳೆಯದು. ನಾಟಕಕಾರ ಸೋಫೋಕ್ಲಿಸ್‌ನ ಕಾಲಕ್ಕೆ ಮೇಳದವರು ಹದಿನೈದು ಮಂದಿ, ನಟರು ಮೂವರು ಮಾತ್ರ. ಆ ಮೂವರೇ ಮುಖವಾಡ ಬದಲಿಸಿ ಎಲ್ಲ ಪಾತ್ರಗಳನ್ನೂ ಮಾಡುತ್ತಿದ್ದರು. ನಿಮ್ಮಲ್ಲಿ ಏಳೆಂಟು ಜನ ಮೇಳಕ್ಕೆ ದೊರೆತರೂ ಸಾಕು. ಸೋಫೋಕ್ಲಿಸ್‌ನ ‘ಆಂಟಿಗನಿ’ಯನ್ನು ಆರಿಸಿಕೊಳ್ಳಿರೆಂದು ಹೇಳುತ್ತೇನೆ. ‘ಈಡಿಪಸ್’ ಇನ್ನೂ ಬಿಗಿಯಾದ ಕೃತಿ ನಿಜ, ಆದರೆ ಇಡೀ ಭಾರ ಒಬ್ಬ ನಟನ ಮೇಲೆ ಬೀಳುತ್ತದೆ. ಎರಡೂ ಪಿ. ಲಂಕೇಶರ ಕನ್ನಡದಲ್ಲಿವೆ. ಬಿ.ಎಂ.ಶ್ರೀಯವರು ಸೋಫೋಕ್ಲಿಸ್‌ನ ‘ಏಜಾಕ್ಸ್’ ನಾಟಕವನ್ನು ಮಹಾಭಾರತದ ಕಥೆಗೆ ಅಳವಡಿಸಿ 1929ರಲ್ಲಿ ಹೊರತಂದ ‘ಅಶ್ವತ್ಥಾಮನ್’ ಅನ್ನೂ ಓದಿನೋಡಿ. ಆ ಹಳಗನ್ನಡದ ಗತ್ತು ಇಂದಿನ ನಟರಿಗೆ ದಕ್ಕುವುದು ಸುಲಭವಲ್ಲ.

ಸಾವಿನ ಬಗ್ಗೆ ಹೇಳುವುದಾದರೆ, ‘ಆಂಟಿಗನಿ’ಯ ಕೊನೆಯಲ್ಲಿ ದೂತನು ಬಂದು ಗುಹೆಯೊಳಗೆ ಆಂಟಿಗನಿಯೂ ರಾಜಕುಮಾರನೂ ಸತ್ತುದನ್ನು ವಿವರಿಸುವಾಗ, ಮಗನ ಸಾವಿನ ಸುದ್ದಿಯನ್ನು ಕೇಳುತ್ತಾ ನಿಂತ ರಾಣಿ ಯೂರಿಡಿಸಿ ಒಂದು ಮಾತನ್ನೂ ಆಡದೆ ಅರಮನೆಯೊಳಕ್ಕೆ ಹೋಗಿಬಿಡುತ್ತಾಳೆ. ಆ ಮೌನಕ್ಕೆ ಮೇಳದವರೇ ಮೊದಲು ಹೆದರುತ್ತಾರೆ. ತಾಲೀಮನ್ನು ಈ ದೃಶ್ಯದಿಂದಲೇ ಆರಂಭಿಸಿ. ದೂತನ ಪಾತ್ರವನ್ನು ಹೊಸಬರಿಗೆ ಒಪ್ಪಿಸದೆ ತಂಡದ ಅತ್ಯುತ್ತಮ ಮಾತುಗಾರನಿಗೆ ಕೊಡಿ.

ಪ್ರಶ್ನೆ: ಗ್ರೀಕ್ ಚರಿತ್ರೆಗೆ ಹೆರೊಡೋಟಸ್ ಮೊದಲೋ, ಥುಸಿಡೈಡಿಸ್ ಮೊದಲೋ?
– ವಿದ್ಯಾರ್ಥಿನಿ, ಮುಂಬಯಿ

ಉತ್ತರ: ಹೆರೊಡೋಟಸ್. ಅವನ ಎಂಟನೆಯ ಭಾಗದಲ್ಲಿ ಬರುವ, ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದ ಸಲಾಮಿಸ್ ಯುದ್ಧದ ಜೊತೆಗೆ ಈಸ್ಕಿಲಸ್‌ನ ‘ಪರ್ಷಿಯನ್ನರು’ ನಾಟಕವನ್ನೂ ಇಟ್ಟುಕೊಳ್ಳಿ, ಬಿ.ಎಂ.ಶ್ರೀಯವರು ಇದನ್ನು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದಿದ್ದಾರೆ. ಯುದ್ಧ ನಡೆದದ್ದು ಕ್ರಿ.ಪೂ. 480ರಲ್ಲಿ, ನಾಟಕ 472ರಲ್ಲಿ, ಹೆರೊಡೋಟಸ್ ಬರೆದದ್ದು ಇನ್ನೂ ದಶಕಗಳ ಅನಂತರ. ಗೆದ್ದವರ ಊರಿನಲ್ಲಿ ಸೋತವರ ಅರಮನೆಯ ಗೋಳನ್ನು ಆಡಿತೋರಿಸಿದ ಆ ನಾಟಕ ಚರಿತ್ರೆಕಾರನು ಹೇಳದ್ದನ್ನು ಹೇಳುತ್ತದೆ.

ಪ್ರಶ್ನೆ: ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡವಿದೆಯೆಂದು ಕೇಳಿದ್ದೇನೆ. ನಿಜವೇ? ಗ್ರೀಕರಿಗೆ ನಮ್ಮ ಪಶ್ಚಿಮ ಕರಾವಳಿಯ ಪರಿಚಯವಿತ್ತೇ?
– ಓದುಗರೊಬ್ಬರು, ವಾಸ್ಕೊ, ಗೋವಾ

ಉತ್ತರ: ಪರಿಚಯವಿತ್ತೆಂಬುದರಲ್ಲಿ ಸಂಶಯವಿಲ್ಲ. ಕ್ರಿ.ಶ. ಒಂದನೆಯ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನೌಕಾಕೈಪಿಡಿಯಲ್ಲಿ ಸೋಪಾರಾ, ಕಲ್ಯಾಣ್ ಬಂದರುಗಳ ಹೆಸರಿದೆ. ಕಲ್ಯಾಣಕ್ಕೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನೊಂದಿಗೆ ಭರೂಚಿಗೆ ಒಯ್ಯುವುದುಂಟೆಂದು ಎಚ್ಚರಿಕೆಯೂ ಇದೆ. ಲೋಣಾವಳದ ಬಳಿಯ ಕಾರ್ಲಾ ಗುಹೆಯ ಕಂಬಗಳ ಮೇಲೆ ಯವನ ದಾನಿಗಳ ಶಾಸನಗಳಿವೆ. ಕೊಲ್ಹಾಪುರದ ಬ್ರಹ್ಮಪುರಿಯ ಉತ್ಖನನದಲ್ಲಿ ಸಮುದ್ರದೇವತೆ ಪೊಸೈಡನ್‌ನ ಪುಟ್ಟ ಕಂಚಿನ ವಿಗ್ರಹ ದೊರೆತಿದೆ.

ಪ್ರಹಸನದ ವಿಷಯ ಅಷ್ಟು ಸರಳವಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಪಪೈರಸ್ (ಜೊಂಡಿನ ಹಾಳೆ) ಅದು. ಹಿಂದೂ ಮಹಾಸಾಗರದ ತೀರದ ದೇವಾಲಯದಲ್ಲಿ ಸೆರೆಯಾಗಿರುವ ಕ್ಯಾರಿಟಿಯನ್ ಎಂಬ ಗ್ರೀಕ್ ಹೆಣ್ಣನ್ನು ಅವಳ ಅಣ್ಣ ಮತ್ತು ಸಂಗಡಿಗರು ಅಲ್ಲಿನ ರಾಜನಿಗೆ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುವುದು ಕಥೆ. ರಾಜನ ಕಡೆಯವರ ಮಾತು ಕನ್ನಡವೆಂದು ಶಾಸನತಜ್ಞ ಹುಲ್ಟ್ಶ್ ಸೂಚಿಸಿದರು; ಆರ್. ಶಾಮಾಶಾಸ್ತ್ರಿ, ಮಂಜೇಶ್ವರ ಗೋವಿಂದ ಪೈ ಅದನ್ನು ಮುಂದುವರಿಸಿದರು. ಬರಿಯ ನಗೆಗಾಗಿ ಹೆಣೆದ ಅರ್ಥವಿಲ್ಲದ ಶಬ್ದಗಳವು ಎನ್ನುವ ವಿದ್ವಾಂಸರೂ ಇದ್ದಾರೆ, ಒಮ್ಮತ ಮೂಡಿಲ್ಲ. ಈ ವಾದದ ಗದ್ದಲದಲ್ಲಿ ಕೃತಿಯ ಸೊಗಸು ಕಣ್ಮರೆಯಾಗಿದೆ. ಯೂರಿಪಿಡೀಸ್‌ನ ‘ಟಾರಿಯರ ನಾಡಿನಲ್ಲಿ ಇಫಿಜಿನೈಯ’ದಲ್ಲಿಯೂ ಪರದೇಶದ ಗುಡಿಯಲ್ಲಿ ಸಿಲುಕಿದ ಅಕ್ಕನನ್ನು ತಮ್ಮ ಬಂದು ಪಾರುಮಾಡುತ್ತಾನೆ, ಪ್ರಹಸನಕಾರ ಅದನ್ನೇ ಅಣಕಿಸಿದ್ದಾನೆ. ಆದ್ದರಿಂದ ಮೊದಲು ಆ ನಾಟಕವನ್ನು ಓದಿ, ಅನಂತರ ಪ್ರಹಸನಕ್ಕೆ ಬನ್ನಿ. ಕನ್ನಡದ ವಾದವನ್ನು ಆಮೇಲೆ ನೋಡಿಕೊಳ್ಳಬಹುದು.