ಎಗ್ಮೋರ್ ಮ್ಯೂಸಿಯಂಗೆ ಅರ್ಧ ದಿನ ಸಾಕಾ? ಹೇಮಾವತಿ ಕಡೆಯವನ ಉತ್ತರ

ನೀವು ಕೇಳಿರೋದು, ಚೆನ್ನೈಗೆ ಕೆಲಸದ ಮೇಲೆ ಹೋಗ್ತಿದೀನಿ, ಅರ್ಧ ದಿನ ಫ್ರೀ ಇದೆ, ಶಿಲ್ಪಕಲೆ ಬಗ್ಗೆ ಏನೂ ಗೊತ್ತಿಲ್ಲ, ಎಗ್ಮೋರ್ ಮ್ಯೂಸಿಯಂ ನೋಡಬೋದಾ, ನೋಡಿದ್ರೆ ಎಲ್ಲಿಂದ ಶುರು ಮಾಡ್ಲಿ ಅಂತ ಅಲ್ವಾ.

ಖಂಡಿತ ನೋಡಿ. ಶುಕ್ರವಾರ ರಜಾ, ಅದೊಂದು ನೆನಪಿಟ್ಕೊಳ್ಳಿ. ಎಗ್ಮೋರ್ ಸ್ಟೇಷನ್ನಿಂದ ಪ್ಯಾಂಥಿಯನ್ ರೋಡಿಗೆ ದೂರ ಏನಿಲ್ಲ. 1851ರಲ್ಲಿ ಶುರುವಾದ ಮ್ಯೂಸಿಯಂ ಅದು, ಒಂದೇ ಕಟ್ಟಡ ಅಲ್ಲ, ದೊಡ್ಡ ಕಾಂಪೌಂಡಲ್ಲಿ ಬೇರೆ ಬೇರೆ ಬಿಲ್ಡಿಂಗು, ಎಲ್ಲಾ ನೋಡ್ತೀನಿ ಅಂತ ಹೊರಟ್ರೆ ಅರ್ಧ ದಿನದಲ್ಲಿ ಕಾಲು ನೋವೇ ಸಿಗೋದು, ಹಾಗಾಗಿ ಪ್ರಾಣಿ ಪಕ್ಷಿ ವಿಭಾಗ ಈ ಸಲ ಬಿಟ್ಬಿಡಿ, ಕಲ್ಲು ಮತ್ತೆ ಕಂಚು ಎರಡೇ ನೋಡಿ.

ನಾನು ಮಡಕಶಿರಾ ಕಡೆಯವನು. 2022ರ ತನಕ ನಮ್ದು ಅನಂತಪುರ ಜಿಲ್ಲೆ, ಈಗ ಶ್ರೀ ಸತ್ಯಸಾಯಿ ಜಿಲ್ಲೆ. ಆಫೀಸಲ್ಲಿ ತೆಲುಗು, ಮನೇಲಿ ಸಂತೇಲಿ ಕನ್ನಡ, ಗಡಿ ದಾಟಿದ್ರೆ ಶಿರಾ. ತಮ್ಮನ ಇಂಟರ್‌ವ್ಯೂಗೆ ಅಂತ ಜೊತೆಗೆ ಹೋಗಿದ್ದೆ ಚೆನ್ನೈಗೆ, ಅವನು ಒಳಗಡೆ ಇದ್ದಾಗ ಟೈಮ್ ಕಳೆಯೋಕೆ ಮ್ಯೂಸಿಯಂಗೆ ಹೋದೆ. ಕಲ್ಲಿನ ಶಿಲ್ಪಗಳ ಮಧ್ಯೆ ಸುಮ್ನೆ ನಡೀತಾ ಇದ್ದೆ, ಒಂದು ಕಪ್ಪು ಕಲ್ಲಿನ ವಿಗ್ರಹದ ಕೆಳಗೆ ಹೇಮಾವತಿ, ಅನಂತಪುರ ಅಂತ ಬರೆದಿತ್ತು. ಕಾಲು ಅಲ್ಲೇ ನಿಂತ್ಹೋಯ್ತು. ನಮ್ಮ ಅಜ್ಜಿ ಬಾಯಲ್ಲಿ ಅದು ಹೆಂಜೇರು. ಶಿವರಾತ್ರಿಗೆ ಜಾತ್ರೆಗೆ ಹೋಗಿ ಮಂಡಕ್ಕಿ ತಿಂದು ಬೆಳೆದ ಊರು ಅದು, ಆ ಊರಿನ ದೇವ್ರು ಸಮುದ್ರದ ಪಕ್ಕದ ಊರಲ್ಲಿ ಸ್ಟ್ಯಾಂಡ್ ಮೇಲೆ ಇರೋದು ನೋಡಿ ಗಂಟಲು ಕಟ್ಕೊಂಡಿತು ನಂಗೆ. ಹತ್ರ ಹೋಗಿ ನೋಡ್ದೆ. ನಮ್ಮ ಕಲ್ಲು ಹಂಗೇ, ನುಣ್ಣಗೆ ಎಣ್ಣೆ ಸವರಿದ ಹಾಗೆ, ಕೊರಳಿನ ಸರದ ಮಣಿ ಒಂದೊಂದೂ ಬಿಡಿ ಬಿಡಿಯಾಗಿ ಎಣಿಸೋ ಹಾಗಿತ್ತು.

ಅಲ್ಲಿಗೆ ಹೆಂಗೆ ಹೋಯ್ತು ಅಂದ್ರೆ, 1953ರಲ್ಲಿ ಆಂಧ್ರ ರಾಜ್ಯ ಆಗೋ ತನಕ ನಾವೆಲ್ಲಾ ಮದ್ರಾಸ್ ಪ್ರೆಸಿಡೆನ್ಸಿ, ಮದ್ರಾಸ್ ರಾಜ್ಯ. ಸರ್ಕಾರ ಇದ್ದ ಊರಿಗೆ ಕಲ್ಲೂ ಹೋಯ್ತು. ಹೆಂಜೇರು ನೊಳಂಬರು ಅನ್ನೋ ರಾಜಮನೆತನದ ರಾಜಧಾನಿ, ಶಾಸನದಲ್ಲಿ ನೊಳಂಬವಾಡಿ ಅಂತ ಬರೋ ನಾಡು ಅವರದ್ದೇ, ಕನ್ನಡದಲ್ಲೇ ಶಾಸನ ಬರೆಸಿದ ರಾಜರು. ಮದ್ರಾಸ್ ಮ್ಯೂಸಿಯಂನಲ್ಲಿರೋ ನೊಳಂಬ ಶಿಲ್ಪಗಳ ಬಗ್ಗೆನೇ ಕಲಾ ಇತಿಹಾಸಕಾರ ಸಿ. ಶಿವರಾಮಮೂರ್ತಿ ಅವ್ರು ಒಂದು ಪುಸ್ತಕ ಬರೆದಿದಾರೆ. ನೀವು ಬಳ್ಳಾರಿನೋ ಮಂಗಳೂರೋ ಕಾಸರಗೋಡೋ ಕೊಳ್ಳೇಗಾಲನೋ ಆಗಿದ್ರೆ ಅವೂ ಹಿಂದೆ ಮದ್ರಾಸಿಗೇ ಸೇರಿದ್ದವು, ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ, ಎಲ್ಲಿಂದ ಶುರು ಮಾಡ್ಲಿ ಅಂದ್ರೆ ನಿಮ್ಮ ಕಡೆ ಹೆಸರು ಯಾವ ಲೇಬಲ್ಲಲ್ಲಾದ್ರೂ ಇದ್ಯಾ ಅಂತ ಹುಡುಕೋದ್ರಿಂದ ಶುರು ಮಾಡಿ. ಒಂದು ಗೊತ್ತಿರೋ ಹೆಸರು ಸಿಕ್ರೆ ಸಾಕು, ಆಮೇಲೆ ಉಳಿದ ಕಲ್ಲುಗಳ ಮುಂದೆಯೂ ಇದು ಯಾವ ಊರಿಂದ ಬಂತು, ಯಾರು ಪೂಜೆ ಮಾಡ್ತಿದ್ರು ಅಂತ ತಾನಾಗೇ ಕೇಳ್ತೀರ.

ಆಮೇಲೆ ಅಮರಾವತಿ ಕಲ್ಲುಗಳು. ಕೃಷ್ಣಾ ನದಿ ದಡದ ಬೌದ್ಧ ಸ್ತೂಪದ್ದು, ಬೆಳ್ಳಗಿನ ಸುಣ್ಣದಕಲ್ಲು. 1797ರಲ್ಲಿ ಮೆಕೆಂಜಿ ಅನ್ನೋ ಸಾಹೇಬ ಹೋಗಿ ನೋಡಿದ್ದು, 1845ರಲ್ಲಿ ವಾಲ್ಟರ್ ಎಲಿಯಟ್ ಅನ್ನೋ ಬ್ರಿಟಿಷ್ ಅಧಿಕಾರಿ ಅಗೆಸಿ ಮದ್ರಾಸಿಗೆ ತರಿಸಿದ್ದು, ಅದ್ರಲ್ಲಿ ನೂರಕ್ಕೂ ಹೆಚ್ಚು ಕಲ್ಲು 1859ರಲ್ಲಿ ಲಂಡನ್ನಿಗೇ ಹೋಯ್ತು. ಇಲ್ಲಿ ಉಳಿದಿರೋದ್ರಲ್ಲಿ ದುಂಡಗಿರೋ ಒಂದು ಕಲ್ಲು ಮಿಸ್ ಮಾಡ್ಬೇಡಿ, ನಳಗಿರಿ ಆನೆ ಕತೆ. ಒಂದೇ ದುಂಡಿನಲ್ಲಿ ಅದೇ ಆನೆ ಎರಡು ಸಲ ಇದೆ, ಒಂದು ಕಡೆ ಮದ ಬಂದು ಬೀದೀಲಿ ಜನರನ್ನ ತುಳಿದು ಎಸೀತಾ ಇದೆ, ಇನ್ನೊಂದು ಕಡೆ ಬುದ್ಧನ ಮುಂದೆ ಮಂಡಿ ಊರಿದೆ. ಮೇಲೆ ಕಿಟಕಿಗಳಿಂದ ಜನ ಬಗ್ಗಿ ನೋಡ್ತಾ ಇದಾರೆ, ನಮ್ಮೂರಲ್ಲಿ ತೇರು ನೋಡೋಕೆ ಮಾಳಿಗೆ ಹತ್ತಿ ನಿಲ್ತಾರಲ್ಲ ಹಂಗೇ. ಹತ್ತು ನಿಮಿಷ ನಿಂತ್ಕೊಳ್ಳಿ ಅಲ್ಲಿ.

ಕಂಚಿಗೆ ಬೇರೆ ಕಟ್ಟಡ. ತಿರುವಾಲಂಗಾಡಿನ ನಟರಾಜ ಅಲ್ಲಿದಾನೆ, ಎಲ್ರೂ ಅವನ ಮುಂದೆ ಫೋಟೋ ನೋಡಿದ ಹಾಗೆ ನೋಡಿ ಹೋಗ್ತಾರೆ. ನೀವು ವಿಗ್ರಹಗಳ ಪೀಠ ನೋಡಿ, ಕಂಬ ತೂರಿಸೋಕೆ ಬಳೆನೋ ತೂತೋ ಮಾಡಿರ್ತಾರೆ, ಅಂದ್ರೆ ಇವೆಲ್ಲಾ ಉತ್ಸವಮೂರ್ತಿಗಳು, ಹೆಗಲ ಮೇಲೆ ಬೀದಿ ಸುತ್ತಿದ ದೇವ್ರು. ಮೊದಲು ಮೇಣದಲ್ಲಿ ವಿಗ್ರಹ ಮಾಡಿ, ಮಣ್ಣು ಮೆತ್ತಿ, ಕಾಯಿಸಿ, ಮೇಣ ಕರಗಿ ಹೊರಗೆ ಹರಿದ ಮೇಲೆ ಆ ಜಾಗಕ್ಕೆ ಲೋಹ ಹುಯ್ಯೋದು, ಕೊನೆಗೆ ಮಣ್ಣಿನ ಅಚ್ಚು ಒಡೀಲೇಬೇಕು, ಹಾಗಾಗಿ ಅದೇ ಅಚ್ಚಲ್ಲಿ ಎರಡನೇದು ಬರೋದೇ ಇಲ್ಲ.

ಟೈಮ್ ಸಿಕ್ಕಾಗ ಹೇಮಾವತಿಗೂ ಬನ್ನಿ, ಬೆಂಗಳೂರಿಂದ ಬೆಳಿಗ್ಗೆ ಹೊರಟು ಸಂಜೆ ವಾಪಸ್ ಹೋಗ್ಬೋದು. ಸಿದ್ದೇಶ್ವರನ ಗುಡೀಲಿ ಲಿಂಗ ಅಲ್ಲ, ಶಿವನೇ ಮನುಷ್ಯರ ಹಾಗೆ ಕೂತಿದಾನೆ. ಪಕ್ಕದ ದೊಡ್ಡಪ್ಪನ ಗುಡೀಲಿ ಕಲ್ಲಿನ ಜಾಲಂಧ್ರ, ಅಂದ್ರೆ ತೂತು ತೂತಿನ ಕಿಟಕಿ ಇದೆ, ಬಳ್ಳಿ ಸುರುಳಿ ಒಳಗೆ ಸಣ್ಣ ಸಣ್ಣ ಮೂರ್ತಿ ಕೆತ್ತಿ ಮಧ್ಯೆ ಬೆಳಕು ಬರೋಕೆ ಜಾಗ ಬಿಟ್ಟಿದಾರೆ. ಚೆನ್ನೈಯಿಂದ ಬಂದ ವಾರಾನೇ ಅಮ್ಮನ್ನ ಕರ್ಕೊಂಡು ಹೋಗಿದ್ದೆ. ಚಿಕ್ಕಂದಿನಲ್ಲಿ ಆ ಕಿಟಕಿ ತೂತಲ್ಲಿ ಕೈ ತೂರಿಸಿ ಆಟ ಆಡಿದ್ದೇ ಹೊರತು ಯಾವತ್ತೂ ಸರಿಯಾಗಿ ನೋಡಿರ್ಲಿಲ್ಲ, ಆವತ್ತು ಮಧ್ಯಾಹ್ನದ ತನಕ ಅಲ್ಲೇ ಕೂತಿದ್ವಿ.

ನಿಮ್ಮೂರು ಯಾವ್ದು ಅಂತ ಹೇಳಿ.