ಏರ್ ಚೇಂಬರ್ ಸರ್ಜ್ ಟ್ಯಾಂಕ್: ಗೇಜ್ ಒತ್ತಡ ಹಾಕಿ ಗಾತ್ರ ತೆಗೆಯಬೇಡಿ

ಸರ್, ಜಲವಿದ್ಯುತ್ ಯೋಜನೆಯ ಏರ್ ಚೇಂಬರ್‌ಗೆ, ಅಂದರೆ ಟನೆಲ್‌ನ ನೀರಿನ ಏರಿಳಿತ (ಸರ್ಜ್) ತಗ್ಗಿಸಲು ಬಂಡೆಯೊಳಗೆ ಒತ್ತಡದ ಗಾಳಿ ತುಂಬಿಡುವ ಮುಚ್ಚಿದ ಕೋಣೆಗೆ, ನೀವು ಗುಂಪಿಗೆ ಹಾಕಿದ ಲೆಕ್ಕದ ಶೀಟ್ ನೋಡಿದೆ. 3,000 ಮೀಟರ್ ಟನೆಲ್, 20 ಚದರ ಮೀಟರ್ ಅಡ್ಡಕೊಯ್ತ, 300 ಮೀಟರ್ ಹೆಡ್ (ನೀರು ಬೀಳುವ ಎತ್ತರ), ಥೋಮಾ ಕ್ಷೇತ್ರಫಲ (ಏರಿಳಿತ ತಾನಾಗಿ ತಗ್ಗಲು ತೆರೆದ ಟ್ಯಾಂಕ್‌ಗೆ ಬೇಕಾದ ಕನಿಷ್ಠ ಕ್ಷೇತ್ರಫಲ) 6.8 ಚದರ ಮೀಟರ್. ಅಲ್ಲಿಯವರೆಗೆ ಸರಿ. ಆಮೇಲೆ ಗಾಳಿಯ ಒತ್ತಡ 190 ಮೀಟರ್ ನೀರು, ಎನ್ (ಗಾಳಿಯನ್ನು ಒತ್ತಿದಾಗ ಒತ್ತಡ ಎಷ್ಟು ಏರುತ್ತದೆ ಎನ್ನುವ ಘಾತ; ಶಾಖ ಪೂರಾ ಹೊರಹೋದರೆ 1.0, ಹೋಗದಿದ್ದರೆ 1.4) 1.0, ಭದ್ರತೆಗೆ 1.5 ಪಟ್ಟು ಹಿಡಿದು 1,940 ಘನ ಮೀಟರ್ ಗಾಳಿ ಸಾಕು ಎಂದಿದ್ದೀರಿ. ಖಂಡಿತ ಸಾಲುವುದಿಲ್ಲ. ನಮ್ಮ ಟೀಮ್‌ನಲ್ಲೂ ಒಮ್ಮೆ ಇದೇ ಎರಡು ತಪ್ಪು ಒಟ್ಟಿಗೆ ನುಸುಳಿದ್ದವು. ಡ್ರಾಯಿಂಗ್ ಹೊರಟ ಮೇಲೆ ಗೊತ್ತಾಗಿ ಎಲ್ಲವನ್ನೂ ತಿರುಗಿ ಮಾಡಬೇಕಾಯಿತು.

190 ಗೇಜ್ ಒತ್ತಡ, ಅಂದರೆ ವಾತಾವರಣದ ಒತ್ತಡ ಬಿಟ್ಟು ಅಳೆದದ್ದು, ಅಲ್ವಾ? ವಾತಾವರಣದ್ದು ಸೇರಿಸಿ 200 ಹಾಕಿ. ಎನ್ 1.4 ಇರಲಿ. ಸೈಕಲ್ ಪಂಪ್ ಬೇಗ ಬೇಗ ಒತ್ತಿದರೆ ಬಿಸಿಯಾಗುತ್ತದಲ್ಲ, ಇಲ್ಲೂ ಹಾಗೇ: ಶಾಖ ಬಂಡೆಗೆ ಹೋಗಲು ಸಮಯವೇ ಸಿಗುವುದಿಲ್ಲ. ಬೇಕಾದ ಗಾಳಿ ಎನ್ × ಒತ್ತಡ × ಥೋಮಾ ಕ್ಷೇತ್ರಫಲ: 1.4 × 200 × 6.8 ಅಂದರೆ 1,904 ಘನ ಮೀಟರ್. ಇದು ಬರೀ ಅಂಚು! ನಿಮ್ಮ 1.5 ಪಟ್ಟು ಭದ್ರತೆ 1.02ಕ್ಕೆ ಇಳಿಯಿತು. ಚೇಂಬರ್ ಒಳಗಿನ 300 ಚದರ ಮೀಟರ್ ನೀರಿನ ಮೇಲ್ಮೈಯ ಲೆಕ್ಕವನ್ನೂ ಸೇರಿಸಿದರೆ ಅದೂ ಉಳಿಯುವುದಿಲ್ಲ. ನಾನಾದರೆ 3,000 ಘನ ಮೀಟರ್‌ಗಿಂತ ಕಡಿಮೆ ಒಪ್ಪುವುದಿಲ್ಲ. ದೊಡ್ಡ ಸರ್ಜ್‌ನ ಲೆಕ್ಕಕ್ಕೆ 1.2ರ ಆಸುಪಾಸು ಬಳಸುವವರಿದ್ದಾರೆ, ಅದು ಬೇರೆ ವಿಷಯ. ಸ್ಥಿರತೆಗೆ (ಸಣ್ಣ ಏರಿಳಿತ ಬೆಳೆಯದೆ ತಗ್ಗುವುದಕ್ಕೆ) 1.4 ಮಾತ್ರ.

ಇನ್ನೊಂದು, ಇದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ತೆರೆದ ಟ್ಯಾಂಕ್‌ಗೆ ಜಲಾಶಯ ಇಳಿದಾಗ ಸ್ಥಿರತೆ ಪರೀಕ್ಷಿಸಿದರೆ ಮುಗಿಯಿತು. ಏರ್ ಚೇಂಬರ್‌ನಲ್ಲಿ ಜಲಾಶಯ ತುಂಬಿದಾಗಲೂ ನೋಡಲೇಬೇಕು. ತುಂಬಿರುವ ಗಾಳಿ ಅಷ್ಟೇ, ಒತ್ತಡ ಶೇ 10 ಏರಿತು ಅನ್ನಿ. ಗಾತ್ರ ಶೇ 9ರಷ್ಟು ಕುಗ್ಗುತ್ತದೆ, ಬೇಕಾದ ಗಾತ್ರ ಶೇ 10 ಏರುತ್ತದೆ. ಎರಡೂ ಕಡೆಯಿಂದ ಹೊಡೆತ. ಹೆಡ್ ಏರಿದ್ದರಿಂದ ಥೋಮಾ ಕ್ಷೇತ್ರಫಲ ಸ್ವಲ್ಪ ಇಳಿಯುತ್ತದೆ ನಿಜ, ಆದರೆ ಅಷ್ಟಕ್ಕೆ ಸರಿದೂಗುವುದಿಲ್ಲ. ಟನೆಲ್ ಘರ್ಷಣೆಯನ್ನೂ ಕನಿಷ್ಠಕ್ಕೆ ಇಡಿ. ನುಣುಪಾದ ಟನೆಲ್‌ಗೇ ಥೋಮಾ ಜಾಸ್ತಿ ಕೇಳುತ್ತದೆ. 'ಸೇಫ್ ಇರಲಿ' ಅಂತ ಒರಟುತನ ಹೆಚ್ಚಿಸುವುದು ಇಲ್ಲಿ ಪೂರಾ ಉಲ್ಟಾ.

ಗಾಳಿ ಒಮ್ಮೆ ತುಂಬಿದರೆ ಆಯಿತು ಎಂದುಕೊಳ್ಳಬೇಡಿ. ನೀರಲ್ಲಿ ಕರಗುತ್ತದೆ, ಬಂಡೆಯ ಬಿರುಕಲ್ಲಿ ಸೋರುತ್ತದೆ. 1973ರಲ್ಲಿ ಡ್ರೀವಾ ವಿದ್ಯುತ್ ಕೇಂದ್ರದಲ್ಲಿ ಈ ವಿಧಾನ ಶುರುಮಾಡಿದ ನಾರ್ವೆಯವರಿಗೇ ಕ್ವಿಲ್‌ಡಾಲ್‌ನಲ್ಲಿ ಸೋರಿಕೆ ಜಾಸ್ತಿಯಾಗಿ, ಆಮೇಲೆ ಚೇಂಬರ್ ಮೇಲೆ ವಾಟರ್ ಕರ್ಟನ್ (ಬಂಡೆಯ ರಂಧ್ರಗಳಿಗೆ ಒತ್ತಡದ ನೀರು ಹಾಯಿಸಿ ಗಾಳಿ ತಡೆಯುವ ಪರದೆ) ಹಾಕಬೇಕಾಯಿತು. ಸ್ಟ್ಯಾಂಡ್‌ಬೈ ಕಂಪ್ರೆಸರ್‌ನ ಹಣ ಎಸ್ಟಿಮೇಟ್‌ನಿಂದ ತೆಗೆಯಬೇಡಿ, ದಯವಿಟ್ಟು. ನೀರಿನ ಮಟ್ಟ ತೋರಿಸಲು ಬೇರೆ ಬೇರೆ ತತ್ವದ ಎರಡು ಮಾಪಕ ಇರಲಿ. ಮಟ್ಟ ತೀರಾ ಇಳಿದು ಗಾಳಿ ಟನೆಲ್‌ಗೆ ನುಗ್ಗಿದರೆ ದೊಡ್ಡ ಅನಾಹುತ.

ಬೆಂಗಳೂರಲ್ಲೇ ಇದರ ಚಿಕ್ಕ ಅಳತೆಯ ಮಾಡೆಲ್ ಮಾಡುತ್ತೇನೆ ಎಂದಿದ್ದೀರಿ. ಅಲ್ಲಿ ಗೇಜ್ ತಪ್ಪು ಇನ್ನೂ ದುಬಾರಿ. ಬೆಂಗಳೂರಿನ ವಾತಾವರಣದ ಒತ್ತಡ ಸುಮಾರು 9.3 ಮೀಟರ್ ನೀರು. ರಿಗ್‌ನಲ್ಲಿ ಗೇಜ್ 8 ಮೀಟರ್ ತೋರಿಸಿದರೆ ನಿಜವಾದದ್ದು 17.3, ಎರಡು ಪಟ್ಟಿಗೂ ಮೇಲೆ. ಎಸ್‌ಪಿ ರೋಡ್‌ನಲ್ಲಿ ಸಿಗುವ ಸಾಮಾನ್ಯ ಡಯಲ್ ಗೇಜ್ ಸೊನ್ನೆ ತೋರಿಸುವುದೇ ವಾತಾವರಣಕ್ಕೆ. ವೀಕಾ ಕಂಪನಿಯ, ವಾತಾವರಣವನ್ನೂ ಸೇರಿಸಿ ಅಳೆಯುವ ಅಬ್ಸಲ್ಯೂಟ್ ಟ್ರಾನ್ಸ್‌ಮಿಟರ್ ತಗೊಳ್ಳಿ, ಬೆಲೆ ಜಾಸ್ತಿಯಾದರೂ ನನಗೆ ಅದೇ ಇಷ್ಟ. ಅಳತೆಯನ್ನು ಚಿಕ್ಕದು ಮಾಡಿದಂತೆ ವಾತಾವರಣ ಚಿಕ್ಕದಾಗುವುದಿಲ್ಲ, ಹಾಗಾಗಿ ಮಾಡೆಲ್‌ನ ಚೇಂಬರ್ ಗಾತ್ರವನ್ನು ಬೇರೆಯಾಗಿಯೇ ಲೆಕ್ಕ ಹಾಕಿ. ತಿದ್ದಿದ ಶೀಟ್ ಹಾಕಿ, ನೋಡುತ್ತೇನೆ.